ಮೂರನೇ ಕ್ಲಾಸಿನ ಪುಷ್ಪಲತಾ ಮೇಡಂ

ಪುಷ್ಪಲತಾ ಮೇಡಂ ಮೂರನೇ ಕ್ಲಾಸು ಪಾಸಾಗಲಿ ಎಂದು ನಾನು ಒಮ್ಮೆ ಆಂಜನೇಯಸ್ವಾಮಿಗೆ ಕಾಯಿ ಒಡೆದಿದ್ದೆ. ಅಕ್ಕ ಮೂರರಲ್ಲಿದ್ದಾಗಲೂ ಅವರು ಮೂರನೇ ಕ್ಲಾಸಿನಲ್ಲೇ ಇದ್ದರು. ಅಕ್ಕ ನಾಲ್ಕಕ್ಕೆ ಹೋದಳು, ಅವರು ಹೋಗಲಿಲ್ಲ. ನಾನು ಬಂದೆ, ಆಗಲೂ ಅದೇ ರೂಮು, ಅದೇ ಪುಸ್ತಕ, ಅದೇ ಮಗ್ಗಿ. ಇಷ್ಟು ದೊಡ್ಡ ಹೆಂಗಸು ವರ್ಷವರ್ಷವೂ ಫೇಲಾಗುತ್ತಿದ್ದಾರಲ್ಲ ಎಂದು ನನಗೆ ಸಂಕಟ. ಕಾಯಿಚೂರು ತಂದುಕೊಟ್ಟು, "ಈ ಸಲ ಪಾಸಾಗ್ತೀರ ಮೇಡಂ, ಎದ್ರಬ್ಯಾಡ್ರಿ" ಅಂದೆ. ಅವರು ನಗಲಿಲ್ಲ. ಕಾಯಿಯನ್ನು ಕಣ್ಣಿಗೊತ್ತಿಕೊಂಡು, "ನಂಗೆ ಲೆಕ್ಕದಲ್ಲೇ ಸ್ವಲ್ಪ ಭಯ ಕಣಪ್ಪ. ನೀನೇ ದಿನಾ ಮಗ್ಗಿ ಹೇಳ್ಕೊಡು" ಅಂದರು. ಆ ವರ್ಷವೆಲ್ಲ ನಾನು ಅವರಿಗೆ ಮಗ್ಗಿ ಹೇಳಿಕೊಟ್ಟೆ. ನನಗೆ ಬರುವ ಲೆಕ್ಕವೆಲ್ಲ ಆಗ ಕಲಿತದ್ದೇ. ಆಮೇಲೆ ಡಿಗ್ರಿಯವರೆಗೂ ಹೋಗಿ ಏನು ಕಲಿತೆ ಎಂದು ಕೇಳಬೇಡಿ, ಸಬ್ಜೆಕ್ಟುಗಳು ಇನ್ನೂ ಬಾಕಿ ಇವೆ.

ಈಗ ನಾನು ಹಿಂದೂಪುರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಂಬಳದ ಆಳು. ಬೋರ್ಡಿನಲ್ಲಿ ಡಾಕ್ಟರ ಹೆಸರಿದೆ. ಪೇಷೆಂಟುಗಳ ಕೈಕಾಲು ಎತ್ತಿ ಇಳಿಸುವುದು, ಪ್ಯಾಡು ಕಟ್ಟಿ ಮಿಷನ್ನಿನ ಸ್ವಿಚ್ಚು ಒತ್ತುವುದು ನಾನು. ಜನ ನನ್ನನ್ನು 'ಕರೆಂಟ್ ಇಡೋ ಹುಡುಗ' ಅನ್ನುತ್ತಾರೆ. ಕಲ್ಯಾಣದುರ್ಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಾತ್ರ ಅಮ್ಮ ಎಲ್ಲರಿಗೂ ಮಗ ಡಾಕ್ಟರು ಎಂದು ಹೇಳಿಟ್ಟಿದ್ದಾಳೆ. ಊರಿಗೆ ಹೋದರೆ ಮಂಡಿನೋವು ತೋರಿಸಲು ಜನ ಕಟ್ಟೆ ಮೇಲೆ ಕಾದಿರುತ್ತಾರೆ. ನಾನೂ ಗಂಭೀರವಾಗಿ ಒತ್ತಿ ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಇಬ್ಬರು ಹಿಡಿದುಕೊಂಡು ಬಂದು ನನ್ನ ಮಂಚದ ಮೇಲೆ ಮಲಗಿಸಿದ್ದು ಪುಷ್ಪಲತಾ ಮೇಡಮ್ಮನ್ನು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು "ಮೇಡಂ, ನಾನು ಓಬುಳೇಶ" ಅಂದೆ. ಅವರು ನೋಡಿದರು. ಗುರುತು ಸಿಕ್ಕಿತು ಎಂದು ಕಣ್ಣಿನಲ್ಲಿ ಗೊತ್ತಾಯಿತು, ಮಾತು ಬರಲಿಲ್ಲ.

ಅವರು ಪಾಠ ಮಾಡುತ್ತಿದ್ದ ರೀತಿ ಹೇಳದಿದ್ದರೆ ಅವರಿಗೆ ಹೀಗಾದದ್ದು ಅರ್ಥವಾಗುವುದಿಲ್ಲ. ನಮ್ಮದು ತೆಲುಗು ಸೀಮೆಯೊಳಗಿನ ಎರಡು ರೂಮಿನ ಕನ್ನಡ ಮೀಡಿಯಂ ಸ್ಕೂಲು. ಹೆಡ್ಮಾಸ್ಟರ್ ರುದ್ರಮುನಿ ಸಾರ್ ದೊಡ್ಡ ಮಕ್ಕಳನ್ನು ನೋಡಿಕೊಂಡರೆ, ಚಿಕ್ಕವರನ್ನೆಲ್ಲ ಒಂದೇ ರೂಮಿನಲ್ಲಿ ಕೂಡಿಸಿಕೊಂಡು ಮೂರನೇ ಕ್ಲಾಸು ನಡೆಸುವುದು ಮೇಡಂ. ಕನ್ನಡಕ್ಕೊಂದು ಪೀರಿಯಡ್ಡು, ಲೆಕ್ಕಕ್ಕೊಂದು ಪೀರಿಯಡ್ಡು ಎಂಬುದು ಅವರಲ್ಲಿರಲಿಲ್ಲ. ಒಂದು ಹಿಡಿ ಕಡಲೆಕಾಯಿ ಮೇಜಿನ ಮೇಲೆ ಸುರಿದರೆ ಅದರಲ್ಲೇ ಕೂಡೋದು ಕಳೆಯೋದು, ಅದರಲ್ಲೇ ಒತ್ತಕ್ಷರ, ಅದರಲ್ಲೇ ಬೇರು ಮಣ್ಣು ನೀರು. ಕೊನೆಗೆ ಪಾಠ ನಮ್ಮ ಹೊಟ್ಟೆಗೆ ಹೋಗುತ್ತಿತ್ತು. ಪಾಠವೆಲ್ಲ ಕನ್ನಡದಲ್ಲಿ. ಬೈಗುಳ ಮಾತ್ರ ತೆಲುಗಿನಲ್ಲಿ. "ಕನ್ನಡ ಅಕ್ಷರ ಕಲ್ಸಾಕಿರೋದು, ಅದ್ರಲ್ಲಿ ಬೈದ್ರೆ ನಿಮ್ಗೆ ಅದು ರುಚಿಸಲ್ಲ" ಅನ್ನುತ್ತಿದ್ದರು.

ಪರಿಸರದ ಪಾಠದಲ್ಲಿ ಪ್ರಾಣಿಗಳು ಬಂದರೆ ಮೇಡಮ್ಮೇ ಪ್ರಾಣಿ. ಸೆರಗು ಸಿಕ್ಕಿಸಿಕೊಂಡು ಕುಪ್ಪಳಿಸುವರು, ತೆವಳುವರು, ಗೋಡೆಗೆ ಅಂಟಿಕೊಂಡು ನಿಲ್ಲುವರು. ನಾವು ಕೂಗಬೇಕು: ಕಪ್ಪೆ! ಹಾವು! ಹಲ್ಲಿ! ತಪ್ಪು ಹೇಳಿದರೂ ಬೈಗುಳವಿಲ್ಲ. ಸರಿಯಾದ ಹೆಸರು ಬರುವವರೆಗೂ ಅವರು ಏಳುತ್ತಿರಲಿಲ್ಲ.

ಕಳೆದ ಫೆಬ್ರವರಿಯ ಆ ದಿನ ರುದ್ರಮುನಿ ಸಾರ್ ಮೀಟಿಂಗಿಗೆಂದು ಕಲ್ಯಾಣದುರ್ಗಕ್ಕೆ ಹೋಗಿದ್ದರು. ದೊಡ್ಡ ಮಕ್ಕಳು ಪಕ್ಕದ ರೂಮಿನಲ್ಲಿ ಕಾಪಿ ಬರೆಯುತ್ತಿದ್ದರು. ಮೇಡಂ ಬೋರ್ಡಿನ ಮೇಲೆ ಬರೆಯುತ್ತಾ ಇದ್ದವರು ಸೀಮೆಸುಣ್ಣ ಕೆಳಗೆ ಹಾಕಿದರು. ಗೋಡೆಗೊರಗಿ ಹಾಗೇ ಜಾರಿ ಕೂತರು. ಬಾಯಿ ಒಂದು ಕಡೆಗೆ ತಿರುಗಿತು, ಗಂಟಲಿನಿಂದ ಏನೋ ಸದ್ದು ಬಂತು.

"ಹಲ್ಲಿ!" ಎಂದು ಒಬ್ಬ ಕೂಗಿದ.

"ಎಮ್ಮೆ!"

"ಅಲ್ಲ ಕಣ್ಲಾ, ಒಂಟೆ! ಮೂತಿ ನೋಡು!"

ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಮೇಡಂ ಏಳಲಿಲ್ಲ. ಸರಿಯಾದ ಹೆಸರು ಇನ್ನೂ ಬಂದಿಲ್ಲವೆಂದುಕೊಂಡು ಮಕ್ಕಳು ತಮಗೆ ಗೊತ್ತಿದ್ದ ಪ್ರಾಣಿಗಳನ್ನೆಲ್ಲ ಹೇಳಿದರು. ಹಿಂದಿನ ಸಾಲಿನವರೂ ಎದ್ದು ಬಂದು ಹೇಳಿದರು. ಗಲಾಟೆ ಕೇಳಿದ ದೊಡ್ಡ ಮಕ್ಕಳಿಗೆ ಅದು ದಿನಾ ಇರುವ ಗಲಾಟೆಯೇ. ಅಡಿಗೆಯ ಎರ್ರಮ್ಮ ಸ್ಕೂಲಿನ ಹಿಂದಿನ ಶೆಡ್ಡಿನಲ್ಲೇ ಅನ್ನಕ್ಕಿಟ್ಟಿದ್ದಳು. ಒಂದು ಕೂಗು ಹಾಕಿದ್ದರೆ ಬರುತ್ತಿದ್ದಳು. ಅನ್ನ ಬೆಂದು, ಮೊಟ್ಟೆ ಬೆಂದು, ಊಟಕ್ಕೆ ಕರೆಯಲು ಬಂದವಳು ನೋಡಿ ಬಾಯಿ ಬಡಿದುಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತೇ, "ಇಷ್ಟು ತಡ ಯಾಕೆ ಮಾಡಿದಿರಿ?"

ಮೇಡಂಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿರುವ ಅವರ ಅಕ್ಕ ದ್ರಾಕ್ಷಾಯಣಮ್ಮ ತಮ್ಮ ಮನೆಗೆ ಕರೆತಂದಿದ್ದರು. ರುದ್ರಮುನಿ ಸಾರ್ ಮಾತ್ರ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಜೂನಿನಲ್ಲಿ ಸ್ಕೂಲು ತೆರೆದಾಗ ಮೇಡಂ ಕ್ಲಾಸು ತಗೊಳ್ಳುವಂತಾದರೆ ಸರಿ. ಇಲ್ಲದಿದ್ದರೆ ಬೇರೆಯವರು ಬರುತ್ತಾರೆ, ಮೇಡಂಗೆ ಎಲ್ಲಾದರೂ ಆಫೀಸಿನಲ್ಲಿ ಕುರ್ಚಿ.

"ಕುರ್ಚಿ ಯಾಕೆ ಬ್ಯಾಡ?" ಎಂದು ನಾನು ಮೆಲ್ಲಗೆ ಕೇಳಿದೆ. ಕುರ್ಚಿ ಸಿಕ್ಕಿದ್ದರೆ ನಾನಂತೂ ಬಿಡುತ್ತಿರಲಿಲ್ಲ.

ದ್ರಾಕ್ಷಾಯಣಮ್ಮ ಸಿಡುಕಿದರು. "ಅವ್ಳಿಗೆ ಇರೋದು ಅದೊಂದು ಕ್ಲಾಸು ಕಣಪ್ಪ. ಅದೂ ಹೋದ್ರೆ ಎದ್ದೇನು ಮಾಡ್ತಾಳೆ?"

ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವ ಪಾಠಗಳಿಂದಲೇ ಮಾತು ಕಲಿಸಲು ಶುರು ಮಾಡಿ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು. ಹಾಗಾಗಿ ಕರೆಂಟ್ ಇಟ್ಟಾದ ಮೇಲೆ ನಾನು ಮೂರನೇ ಕ್ಲಾಸಿನ ಪುಸ್ತಕಗಳನ್ನು ಹಿಡಿದು ಅವರ ಮುಂದೆ ಕೂರುವುದಾಯಿತು. ಮೊದಲ ದಿನ ಪದ್ಯ ಓದುತ್ತಾ ಒಂದು ಒತ್ತಕ್ಷರ ನುಂಗಿದೆ. ಮೇಡಂ ತುಟಿ ಅಲುಗಿತು.

"ನೋರು ಮೂಸ್ಕೋ" ಅಂದರು.

ಬಾಯಿ ಮುಚ್ಚು ಎಂದು! ಅಷ್ಟು ದಿನದಲ್ಲಿ ಅವರಾಡಿದ ಮೊದಲ ಮಾತು. ನಾನು ಕುಣಿದಾಡಿದೆ. ದ್ರಾಕ್ಷಾಯಣಮ್ಮ ವಿಭೂತಿ ಹಚ್ಚಿದರು. ಎರಡು ವಾರದಲ್ಲಿ ಗೊತ್ತಾಯಿತು, ಬರುತ್ತಿದ್ದುದೆಲ್ಲ ತೆಲುಗೇ. ಬೈಗುಳ, ಬಸ್ಸಿನ ಮಾತು, ತರಕಾರಿ ಚೌಕಾಶಿ. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ವಿರುದ್ಧ ಪದ ಹೇಳಿ ಮೇಡಂ, 'ಮೇಲೆ' ಅಂದರೆ? "ಕಿಂದ." ಹಸುವಿನ ಚಿತ್ರ ತೋರಿಸಿದರೆ "ಆವು". ಹೌದಾ ಮೇಡಂ ಅಂದರೆ "ಅವುನು". ಅಲ್ಲ ಅನ್ನಬೇಕಾದ ಕಡೆಯೆಲ್ಲ "ಕಾದು".

"ಮನೇಲಿ ಹುಟ್ಟಿದ್ ಮಾತು ಹೊಂಟೋಯ್ತಲ್ಲೋ, ಸಂತೆ ಮಾತು ಉಳ್ಕಂಡ್ಬುಡ್ತು!" ಎಂದು ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಂಡರು.

ಮಗ್ಗಿ ಮಾತ್ರ ಕನ್ನಡದಲ್ಲಿ ಬಂತು. ಮೂರೊಂದ್ಲ ಮೂರು ಎಂದು ಹಿಡಿದರೆ ಮೂರತ್ಲ ಮೂವತ್ತರವರೆಗೆ ಬಸ್ಸು ಓಡಿದ ಹಾಗೆ ಓಡುತ್ತಿತ್ತು. ನಡುವೆ ನಿಲ್ಲಿಸಿ 'ಮೂರೇಳ್ಲ ಎಷ್ಟು ಮೇಡಂ?' ಅಂದರೆ ಮುಗಿಯಿತು. ಮತ್ತೆ ಮೊದಲಿಂದ ಬರಬೇಕು. ಅವರ ಕಣ್ಣಲ್ಲಿ ಆಗ ಕಾಣುತ್ತಿದ್ದುದನ್ನು ನೋಡಲಾರದೆ ನಾನು ಮಿಷನ್ನಿನ ವೈರು ಸರಿಮಾಡುತ್ತಿದ್ದೆ. ವೈರು ಸರಿಯಾಗಿಯೇ ಇರುತ್ತಿತ್ತು.

ಮೇ ಮುಗಿಯುವ ಹೊತ್ತಿಗೆ ಕೋಲು ಹಿಡಿದು ನಡೆದರು. ಎಡಗೈಯಲ್ಲಿ ಅಕ್ಷರ ಬರೆದರು, ಮೂರನೇ ಕ್ಲಾಸಿನ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು. ಕನ್ನಡ ಅಲ್ಲೊಂದು ಇಲ್ಲೊಂದು ಮಾತು ಬರತೊಡಗಿತು. ಮಕ್ಕಳಿಗೆಲ್ಲ ತೆಲುಗು ತಿಳಿಯುತ್ತದಲ್ಲ, ಸಾಕು ಎಂದು ಎಲ್ಲರೂ ಅಂದುಕೊಂಡೆವು. ನಮ್ಮ ಕಡೆ ಎಲ್ಲರ ಬಾಯಲ್ಲೂ ಎರಡೂ ಇದ್ದೇ ಇರುತ್ತವೆ.

ಜೂನಿನಲ್ಲಿ ಒಂದು ದಿನದ ಸಂಬಳ ಬಿಟ್ಟು ನಾನೂ ಅಕ್ಕತಂಗಿಯರ ಜೊತೆ ಹೋದೆ. ಬಸ್ಸು, ಆಮೇಲೆ ಆಟೋ. ರುದ್ರಮುನಿ ಸಾರ್ ಕೆಟ್ಟವರಲ್ಲ. "ನಂದೇನೂ ಅಡ್ಡಿ ಇಲ್ಲ ಮೇಡಂ. ಒಂದು ಪಾಠ ಮಾಡಿ. ತೆಲುಗಲ್ಲಾದ್ರೂ ಸರಿ. ನೀವು ಕೇಳಿದ್ದಕ್ಕೆ ಮಕ್ಳು ಮಾತಾಡಿದ್ರೆ ಸಾಕು, ನಾನು ಮೇಲಿನವ್ರಿಗೆ ಹೇಳ್ಕೋತೀನಿ" ಎಂದು ಗೋಡೆ ಪಕ್ಕ ನಿಂತರು. ಎರ್ರಮ್ಮ ಬಾಗಿಲಿಗೆ ಬಂದಳು.

ಆ ದಿನ ಎರಡನೇ ಕ್ಲಾಸಿನ ಸಾಲಿನಲ್ಲಿ ಕೂತು ಕೂಗಿದವರೇ ಈ ವರ್ಷದ ಮೂರನೆಯವರು. ಕೈಕಟ್ಟಿ ಕೂತಿದ್ದರು. ಮೇಡಂ ಕೋಲನ್ನು ಮೇಜಿಗೆ ಒರಗಿಸಿದರು. ಕುಪ್ಪಳಿಸಲು ಕಾಲಿಲ್ಲವಲ್ಲ, ಎಡಗೈಯ ಬೆರಳುಗಳನ್ನು ಮೇಜಿನ ಮೇಲೆ ಕುಪ್ಪಳಿಸಿದರು. ಕೈ ನಿಂತಿತು, ಗಂಟಲು ಉಬ್ಬಿಸಿದರು, ಮತ್ತೆ ಕುಪ್ಪಳಿಸಿತು. ನನಗಂತೂ ಕಪ್ಪೆಯೇ ಕಂಡಿತು.

"ಇದಿ ಏಮಿ?" ಅಂದರು. ಇದೇನು?

ಯಾರೂ ಮಾತಾಡಲಿಲ್ಲ.

ತೋಳನ್ನು ಉದ್ದಕ್ಕೆ ಬಳುಕಿಸಿದರು, ಹಾವು. ಒಂದು ಮಗು ಕಣ್ಣು ಮುಚ್ಚಿಕೊಂಡಿತು. ಕೊನೆಗೆ ಮೇಡಂ ಮೇಜು ಬಿಟ್ಟು ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟರು, ಹಲ್ಲಿ ಮಾಡಲು ಇರಬೇಕು. ಕಾಲು ತೊಡರಿತು. ನಾನು ಹಿಡಿದುಕೊಂಡೆ. ಮಕ್ಕಳೆಲ್ಲ ಒಟ್ಟಿಗೆ ಕಿಟಾರನೆ ಕಿರುಚಿ, ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಯಾಕಮ್ಮ, ಗೊತ್ತಿಲ್ವಾ? ಹೇಳ್ರೋ!" ಎಂದು ರುದ್ರಮುನಿ ಸಾರ್ ಗದರಿದರು.

"ಅವು ಹೇಳಾಕಿಲ್ಲ ಸಾ" ಎಂದಳು ಎರ್ರಮ್ಮ ಬಾಗಿಲಿಂದಲೇ. "ಮೇಡಂ ಬಿದ್ರೆ ನಗಾಡ್ತೀರಾ ಅಂತ ಅವತ್ತು ಮನೆಮನೇಲೂ ಒದೆ ಬಿದ್ದೈತೆ. ಅವತ್ನಿಂದ ಯಾರು ಏನ್ ಕೇಳಿದ್ರೂ ಬಾಯ್ ಬಿಡಲ್ಲ. ತಪ್ಪು ಹೇಳಿದ್ರೆ ಯಾರೋ ಸಾಯ್ತಾರೆ ಅಂದ್ಕಂಡ್ಬುಟ್ಟವೆ."

ರುದ್ರಮುನಿ ಸಾರ್ ಮೇಡಮ್ಮನ್ನು ನೋಡದೆ, "ಆಫೀಸಿಗೆ ಬರ್ಕೊಡ್ತೀನಿ ಮೇಡಂ. ಅಲ್ಲಾದ್ರೆ ನಿಮಗೂ ಶ್ರಮ ಇರಲ್ಲ" ಅಂದರು. ಮೇಡಂ ಕೋಲು ತಗೊಂಡರು. ಬೋರ್ಡಿನ ಮೇಲೆ ಯಾರೋ ಬರೆದಿದ್ದ ತಾರೀಖು ತಪ್ಪಿತ್ತು, ಎಡಗೈಯಿಂದ ಅದನ್ನು ಒರೆಸಿ ಸರಿಮಾಡಿದರು.

ಹೊಸ್ತಿಲು ದಾಟುವಾಗ ಎರಡು ಜಡೆಯ ಒಂದು ಹುಡುಗಿ ಎದ್ದು ಓಡಿಬಂದಳು. ಸುಷ್ಮಾ ಎಂದು ಹೆಸರು, ಎರ್ರಮ್ಮನ ಮೊಮ್ಮಗಳೇ. ಬಾಯಿಯಿಂದ ಕೈ ತೆಗೆದು ಕೇಳಿಯೇಬಿಟ್ಟಳು.

"ಮೇಡಂ, ನಾವು ನಗಾಡಿದ್ಕೇನಾ ನಿಮಗೆ ಇಂಗಾಗಿದ್ದು?"

"ಏಯ್, ಅಂಗೆಲ್ಲ ಕೇಳ್ಬಾರ್ದು, ಹೋಗಮ್ಮ" ಎಂದರು ದ್ರಾಕ್ಷಾಯಣಮ್ಮ. ನನ್ನ ನಾಲಿಗೆಯ ಮೇಲೂ ಒಂದು ಸುಳ್ಳು ರೆಡಿ ಇತ್ತು, ಬಿಪಿ ಮಾತ್ರೆ ನುಂಗದ್ದಕ್ಕೆ ಹೀಗಾಯಿತು ಎಂದು. ಡಾಕ್ಟರ ವೇಷದಲ್ಲಿ ಹೇಳಿದ್ದರೆ ಹುಡುಗಿ ನಂಬುತ್ತಿದ್ದಳು. ಮೇಡಂ ಕೋಲೆತ್ತಿ ನನ್ನನ್ನು ತಡೆದರು. ಹುಡುಗಿಯ ಮುಖವನ್ನೇ ನೋಡಿದರು. ಮಾತು ಬರಲು ಹೊತ್ತು ಹಿಡಿಯಿತು. ಕಾಯ್ದೆವು.

"ನಗು... ಕಾದು" ಅಂದರು, ನಗುವಲ್ಲ ಎಂದು. "ಕರೀಲಿಲ್ಲ. ಒಬ್ರೂ... ಎದ್ದೋಗಿ... ಎರ್ರಮ್ಮನ್ನ ಕರೀಲಿಲ್ಲ."