ಕಾರಿನ ಸೂರಿನಲ್ಲೊಂದು ಕಲೆ

ಕಳೆದ ತಿಂಗಳು ಕುಮಟೆಯಿಂದ ಹೊನ್ನಾವರಕ್ಕೆ ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಏಳು ಮಂದಿ ನನಗೆ ಕೈ ಎತ್ತಿದರು. ಇಬ್ಬರು ಲಾರಿ ಡ್ರೈವರುಗಳು, ಒಬ್ಬ ಮೀನಿನ ಟೆಂಪೋದವನು, ಉಳಿದವರು ಯಾರೋ. ಇಷ್ಟು ಮರ್ಯಾದೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆದರೆ ನಾನು ಅವರಿಗೆ ಕೈ ಎತ್ತಿರಲಿಲ್ಲ. ಕಾರಿನ ಸೂರನ್ನು ಎತ್ತಿ ಹಿಡಿದಿದ್ದೆ.

ಹಳೇ ಕಾರು ಇಟ್ಟುಕೊಂಡವರಿಗೆ ಈ ಕಾಯಿಲೆ ಗೊತ್ತಿರುತ್ತದೆ. ಒಳಗೆ ತಲೆಯ ಮೇಲೆ ಒಂದು ಬೂದು ಬಟ್ಟೆ ಅಂಟಿಸಿರುತ್ತಾರಲ್ಲ, ರೂಫ್ ಲೈನಿಂಗ್, ಅದು ಮೊದಲು ಒಂದು ಮೂಲೆಯಲ್ಲಿ ಬಿಡುತ್ತದೆ. ಆಮೇಲೆ ನಡುವೆ ಹೊಟ್ಟೆ ಬರುತ್ತದೆ. ಕೊನೆಗೆ ಗಾಳಿಗೆ ಸಿಕ್ಕ ಶಾಮಿಯಾನದಂತೆ ಜೋತುಬಿದ್ದು ತಲೆ ಸವರತೊಡಗುತ್ತದೆ. ಎಡಗೈಯಲ್ಲಿ ಎತ್ತಿ ಹಿಡಿಯಬೇಕು. ಗೇರ್ ಬದಲಿಸಲು ಕೈ ತೆಗೆದರೆ ಕನ್ನಡಕದ ಮೇಲೇ ಬೀಳುತ್ತದೆ. (ಹೀಗಾಗಿ ಹಳದೀಪುರವನ್ನು ಪೂರ್ತಿ ಮೂರನೇ ಗೇರಿನಲ್ಲೇ ದಾಟಿದೆ.)

ನಾನೇನು ಸುಮ್ಮನೆ ಕೂತವನಲ್ಲ. ಸುಮ್ಮನೆ ಕೂರುವುದು ನನಗೆ ಬರುವುದೂ ಇಲ್ಲ. ಹೆಂಡತಿ ಸರೋಜಳ ಡಬ್ಬಿಯಿಂದ ಹದಿನಾಲ್ಕು ಸೇಫ್ಟಿ ಪಿನ್ ತೆಗೆದು ಚುಚ್ಚಿ ನೋಡಿದೆ. ಒಂದು ಬಿಚ್ಚಿಕೊಂಡು ನೆತ್ತಿಗೆ ಚುಚ್ಚಿತು. ಅಂಗಡಿಯಿಂದ ಗೋಂದು ತಂದು ಅಂಟಿಸಿದೆ. ಎರಡು ದಿನ ನಿಂತಿತು. ಮೂರನೆಯ ದಿನ ಬಿಸಿಲಿಗೆ ಬಟ್ಟೆಯೂ ಗೋಂದೂ ಕೂಡಿಯೇ ಇಳಿದವು.

ಸರಿ, ಹಾಗೇ ಇರಲಿ ಎಂದು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಗಣಪತಿ ಭಾವನ ಕಣ್ಣಿನ ಆಪರೇಶನ್ ಬಂತು.

ಗಣಪತಿ ಭಾವ ಎಂದರೆ ಸರೋಜಳ ಅಣ್ಣ. ಹಳದೀಪುರದಲ್ಲಿ ತೆಂಗಿನ ತೋಟ. ಅವರಿಗೂ ನಾನು ಭಾವ, ನನಗೂ ಅವರು ಭಾವ. ಕುಮಟೆಯ ನಮ್ಮ ಮನೆಗೆ ತಿಂಗಳಿಗೆ ಎರಡು ಸಲ ಬರುತ್ತಾರೆ, ಬಸ್ಸಿನಲ್ಲಿ. ವಾಪಸು ಹೋಗುವುದೂ ಬಸ್ಸಿನಲ್ಲಿ. ಮಳೆ ಹೊಯ್ಯುತ್ತಿದ್ದರೂ ನಮ್ಮ ಕಾರು ಹತ್ತುವುದಿಲ್ಲ. ಕಾರಣ, ಆ ಸೂರಿನ ಬಟ್ಟೆಯ ಮೇಲಿರುವ ಒಂದು ಕಲೆ.

ನನ್ನ ಓದುಗರಿಗೆ ಗೊತ್ತು, ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಯಾರು ಏನು ಹೇಳಿದರೂ "ಆಧಾರ ಎಲ್ಲಿದೆ?" ಎಂದು ಕೇಳುವ ಚಟ ಅಲ್ಲಿಂದ ಬಂದದ್ದು. ಇತ್ತೀಚೆಗೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಕಡಿಮೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಗೇಟಿನಿಂದ ಎರಡು ಸಲ ವಾಪಸು ಬರುತ್ತೇನೆ. ಆದರೆ ಈ ಕಲೆಯ ವಿಷಯದಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಭಟ್ಕಳದಲ್ಲಿ ಮದುವೆ ಊಟ ಮುಗಿಸಿ ಬರುವಾಗ ಹಿಂದಿನ ಸೀಟಿನಲ್ಲಿ ಕೂತಿದ್ದ ಭಾವ, ಬಿಸಿಲಿಗೆ ಹುಳಿ ಬಂದಿದ್ದ ಮುರುಗಲು ಹಣ್ಣಿನ ಕೆಂಪು ಪಾನಕದ ಬಾಟ್ಲಿ ಬಿಚ್ಚಿದರು. ಡಬ್ ಎಂದಿತು. ಅರ್ಧ ಬಾಟ್ಲಿ ಸೂರಿಗೆ ಹಾರಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈ ಕತೆಯನ್ನು ನಾನು ಎಲ್ಲಿ ಹೇಳಿಲ್ಲ? ಮದುವೆ, ಮುಂಜಿ, ಗೃಹಪ್ರವೇಶ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರಾದರೂ ನಂಬದಿದ್ದರೆ ಕಾರಿನವರೆಗೆ ಕರೆದೊಯ್ದು ಬೆರಳು ಮೇಲೆ ಮಾಡಿ ತೋರಿಸುತ್ತಿದ್ದೆ. ಆಧಾರ! ಭಾವ ಮೊದಮೊದಲು "ನಾನಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಆಮೇಲೆ ಅವರೂ ನಗತೊಡಗಿದರು. ಆಮೇಲೆ ನಗುವುದನ್ನು ನಿಲ್ಲಿಸಿದರು. ಆಮೇಲೆ ಬಸ್ಸು ಹಿಡಿದರು.

"ಗುರುವಾರ ಆಪರೇಶನ್," ಎಂದಳು ಸರೋಜ. "ಕಣ್ಣಿಗೆ ಪಟ್ಟಿ ಕಟ್ಟಿದವನನ್ನ ಬಸ್ಸಿಗೆ ಹತ್ತಿಸ್ತೀರಾ?"

ಫೋನ್ ಮಾಡಿದೆ. "ನಿಮ್ಮ ಕಾರು ಬೇಡ ಭಾವ. ರಿಕ್ಷಾ ಸಾಕು," ಎಂದರು. ಸರೋಜ ಫೋನ್ ಕಸಿದುಕೊಂಡು ಹತ್ತು ನಿಮಿಷ ಬೈದಳು. ಕೊನೆಗೆ ಆ ಕಡೆಯಿಂದ ಒಂದು ಷರತ್ತು ಬಂತು. "ಆ ಬಟ್ಟೆ ತೆಗ್ಸಿ. ಆಮೇಲೆ ಬತ್ತೆ."

ಹಾಗೆ ನಾನು ಬುಧವಾರ ಬೆಳಿಗ್ಗೆ ಭಟ್ಕಳಕ್ಕೆ ಹೋದೆ. ಅಲ್ಲಿ ಯೂಸುಫ್ ಎಂಬವರ ಕುಶನ್ ಅಂಗಡಿಯಿದೆ. ದುಬೈಯಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ಬಂದವರು. ಬಾಗಿಲು ತೆರೆದು ತಲೆ ಒಳಗೆ ಹಾಕಿ ನೋಡಿದರು.

"ಈ ಗೋಂದು ನೀವು ಹಾಕಿದ್ದಾ ಸರ್?"

"ಹೌದು."

"ಹ್ಞಾಂ. ಗೊತ್ತಾತು."

ಅಷ್ಟೇ ಹೇಳಿ ಹಿಡಿಕೆಗಳನ್ನು ಅಲ್ಲಾಡಿಸಿ ನೋಡತೊಡಗಿದರು. ಹೀಗೆ ಬಿಟ್ಟರೆ ಯಾರಿಗೆ ತಡೆಯುತ್ತದೆ? "ಗೋಂದು ಸರಿಯಿರಲಿಲ್ಲವಾ?" ಎಂದೆ.

"ಗೋಂದಿನ ತಪ್ಪಲ್ಲ. ಬಟ್ಟೆ ಹಿಂದೆ ಸ್ಪಂಜ್ ಇರ್ತದೆ. ದುಬೈಯಲ್ಲಿ ಬಿಸಿಲಿಗೆ ಸಾಯ್ತದೆ, ಇಲ್ಲಿ ತೇವಕ್ಕೆ. ಈಗ ಅದು ಪುಡಿ. ಪುಡಿಗೆ ಗೋಂದು ಹಾಕಿದ್ರೆ ಎಂತ ಹಿಡೀತದೆ ಹೇಳಿ?"

ಲೈಟು, ಹಿಡಿಕೆ, ಬಿಸಿಲು ತಡೆಯುವ ಹಲಗೆ ಎಲ್ಲ ಬಿಚ್ಚಿ, ಬಟ್ಟೆ ಅಂಟಿಸಿದ್ದ ದೊಡ್ಡ ರಟ್ಟನ್ನು ಹಿಂಬಾಗಿಲಿನಿಂದ ನಿಧಾನ ಹೊರಗೆಳೆದು ಎರಡು ಸ್ಟೂಲಿನ ಮೇಲೆ ಮಲಗಿಸಿದರು. ಬಟ್ಟೆ ಎಳೆದರೆ ಸಲೀಸಾಗಿ ಎದ್ದು ಬಂತು. ಅಡಿಯಲ್ಲಿ ಕಡಲೆ ಹಿಟ್ಟಿನಂಥ ಹಳದಿ ಪುಡಿ. ಬ್ರಷ್ಷಿನಿಂದ ಅದನ್ನು ಉಜ್ಜತೊಡಗಿದರು. ನಾನು ಸೀನತೊಡಗಿದೆ.

"ಈ ಕಲೆ ಎಂತದ್ದು?" ಎಂದರು ಬ್ರಷ್ ನಿಲ್ಲಿಸಿ, ರಟ್ಟಿನ ಮೇಲೂ ಮೂಡಿದ್ದ ಕಲೆ ತೋರಿಸಿ.

ಕೇಳಬೇಕೇ? ಮದುವೆ, ಬಿಸಿಲು, ಬಾಟ್ಲಿ, ಡಬ್, ಎಲ್ಲ ಹೇಳಿದೆ. ಚಾ ತಂದವನೂ ನಿಂತು ಕೇಳಿದ. ಯೂಸುಫ್ ಪೂರ್ತಿ ಕೇಳಿ, ರಟ್ಟನ್ನು ಮಗುಚಿ ಹಾಕಿದರು. ನಮ್ಮ ತಲೆಯ ಕಡೆಗಿದ್ದ ಕಲೆ ಚಾ ಬಸಿಯಷ್ಟು. ಮೇಲಿನ ಬದಿಯಲ್ಲಿದ್ದದ್ದು ಊಟದ ತಟ್ಟೆಯಷ್ಟು.

"ಸರ್, ನಿಮ್ಮ ಭಾವ ಕಾರಿನ ಮೇಲೆ ಕೂತು ಕುಡೀತಿದ್ರಾ?"

ನಾನು ಬಗ್ಗಿ ಎರಡೂ ಬದಿ ನೋಡಿದೆ.

"ಇದು ತುಕ್ಕು ನೀರು. ಮೇಲಿಂದ ಕೆಳಗೆ ಬಂದದ್ದು. ಮೇಲೆ ಸಾಮಾನಿಡುವ ಕ್ಯಾರಿಯರ್ ಇತ್ತಾ?"

"ಇಲ್ಲ," ಎಂದೆ ಖಡಾಖಂಡಿತವಾಗಿ.

ಅವರು ನನ್ನ ಕೈ ಹಿಡಿದು ಕಾರಿನೊಳಗೆ ಕರೆದು ಬರಿ ತಗಡಿಗೆ ಬೆರಳು ತೋರಿಸಿದರು. (ಇಷ್ಟು ವರ್ಷ ನಾನು ತೋರಿಸಿದ ಹಾಗೆಯೇ.) ನಾಲ್ಕು ತೂತು. ಮೂರಕ್ಕೆ ಪುಟ್ಟಿ ಮೆತ್ತಿತ್ತು. ನಾಲ್ಕನೆಯದರ ಪುಟ್ಟಿ ಉದುರಿ ಅಂಚು ತುಕ್ಕು ಹಿಡಿದಿತ್ತು.

ಸರೋಜಳಿಗೆ ಫೋನ್ ಮಾಡಿದೆ.

"ಇತ್ತಲ್ಲ ಕ್ಯಾರಿಯರ್," ಎಂದಳು. "ಧಾರವಾಡದಿಂದ ನಿಮ್ಮ ಪುಸ್ತಕದ ಕಪಾಟು ತರಲಿಕ್ಕೆ ನೀವೇ ತೂತು ಕೊರೆಸಿ ಹಾಕಿಸಿದ್ದು. ಗಾಳಿಗೆ ಸೀಟಿ ಹೊಡೀತದೆ ಅಂತ ತಿಂಗಳೊಳಗೆ ತೆಗೆಸಿದ್ರಿ."

"ಮತ್ತೆ ಪಾನಕದ ಬಾಟ್ಲಿ?"

"ಹಾರಿದ್ದು ಹೌದು. ಕಾರಲ್ಲಲ್ಲ, ಅಣ್ಣನ ಮನೆ ಜಗಲೀಲಿ. ಆ ಮದುವೆಗೆ ನಾವು ಸ್ಕೂಟರಲ್ಲಿ ಹೋಗಿದ್ದು. ಆಗ ಕಾರೇ ತಗೊಂಡಿರಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಷ್ಟು ಸಲ ಹೇಳಿದ್ದೆ. ನೀವು ಮೇಲೆ ಬೆರಳು ತೋರಿಸ್ತಿದ್ರಿ."

ಯೂಸುಫ್ ಚಾ ತಂದವನಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ನನಗೆ ನವಾಯತಿ ಬರುವುದಿಲ್ಲ. ಅರ್ಥವಾಗಲು ಭಾಷೆ ಬೇಕೂ ಇರಲಿಲ್ಲ.

ತೂತು ಮುಚ್ಚಿ, ಸ್ಪಂಜ್ ಹಚ್ಚಿದ ಹೊಸ ಬಟ್ಟೆಯನ್ನು ಅರ್ಧರ್ಧ ಮಡಚಿ, ಗೋಂದು ಸ್ಪ್ರೇ ಮಾಡಿ, ಒಂದು ಸುಕ್ಕೂ ಇಲ್ಲದಂತೆ ಅಂಗೈಯಲ್ಲಿ ನೇವರಿಸಿ ಕೂರಿಸಿದರು. ಸಂಜೆಯ ಹೊತ್ತಿಗೆ ಕಾರಿನೊಳಗೆ ಹೊಸ ಆಕಾಶ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹೊರಟೆ. ಒಬ್ಬರೂ ಕೈ ಎತ್ತಲಿಲ್ಲ.

ದಾರಿಯಲ್ಲಿ ಒಂದು ಕೆಟ್ಟ ಯೋಚನೆ ಬಂತು. ಕಲೆಯೇ ಹೋಯಿತಲ್ಲ, ಇನ್ನು ಯಾಕೆ ಮಾತೆತ್ತಬೇಕು? ಭಾವ ಹೇಗೂ ಕಾರು ಹತ್ತುತ್ತಾರೆ. ನನ್ನ ಮರ್ಯಾದೆಯೂ ಉಳಿಯುತ್ತದೆ. ಹೊನ್ನಾವರದ ಸೇತುವೆ ದಾಟುವವರೆಗೂ ಈ ಯೋಚನೆ ಬಹಳ ಸರಿಯಾಗಿ ಕಂಡಿತು. ಆದರೆ ಜೇಬಿನ ಮೊಬೈಲಿನಲ್ಲಿ ಆ ರಟ್ಟಿನ ಫೋಟೋ ಇತ್ತು. ಆಧಾರ ಕೇಳುತ್ತ ತಿರುಗಿದವನು ಕೈಗೆ ಸಿಕ್ಕ ಆಧಾರವನ್ನು ಮುಚ್ಚಿಡುವುದು ಹೇಗೆ?

ಗುರುವಾರ ಕುಮಟೆಯ ಆಸ್ಪತ್ರೆಯಲ್ಲಿ ಆಪರೇಶನ್ ಚೆನ್ನಾಗಿ ಆಯಿತು. ಭಾವ ಪಟ್ಟಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಎಡಗಡೆಗೆ ಕೂತರು. ಪಕ್ಕದಲ್ಲಿ ಸರೋಜ. ಕುಮಟೆ ದಾಟಿದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದೆ.

"ಭಾವ, ಆ ಕಲೆ ನಿಮ್ಮ ಪಾನಕದ್ದಲ್ಲ. ಅದು ಮಳೆ ನೀರು. ನಾನೇ ಕೊರೆಸಿದ ತೂತು. ತಪ್ಪು ನನ್ನದು."

ಭಾವ ನಕ್ಕರು. "ಆಪರೇಶನ್ ಆದವನಿಗೆ ಸಮಾಧಾನ ಹೇಳೂದು ಬೇಡ."

"ಸಮಾಧಾನ ಅಲ್ಲ. ಫೋಟೋ ಇದೆ."

"ಒಂದು ಕಣ್ಣಿಗೆ ಪಟ್ಟಿ, ಇನ್ನೊಂದ್ರಲ್ಲಿ ಪೊರೆ. ಫೋಟೋ ತೋರಿಸ್ಲಿಕ್ಕೆ ಒಳ್ಳೆ ಗಿರಾಕಿ ಹಿಡಿದ್ರಿ."

"ಅಣ್ಣ, ಅದು ನಿನ್ನ ಮನೆ ಜಗಲೀಲಿ ಆದದ್ದು," ಎಂದಳು ಸರೋಜ.

"ನೀ ಸುಮ್ನಿರೇ. ಬಾಟ್ಲಿ ಬಿಚ್ಚಿದವ ನಾನು, ನಂಗೆ ಗೊತ್ತಿಲ್ವಾ? ಮುರ್ಡೇಶ್ವರ ದಾಟಿತ್ತು. ಇಲ್ಲೇ, ಇದೇ ಸೀಟಲ್ಲಿ ಕೂತಿದ್ದೆ. ಮುಚ್ಚಳ ಅರ್ಧ ತಿರುಗಿಸಿದ್ದೆ, ಡಬ್ ಅಂತು. ಭಾವನ ಬಿಳಿ ಅಂಗಿ ಕಾಲರ್ ಪೂರಾ ಕೆಂಪು. ಅವತ್ತಿಂದ ನಂಗೆ ನಾಚಿಕೆ. ಅದ್ಕೇ ಬಸ್ಸು."

ಆ ಬಿಳಿ ಅಂಗಿ ನನ್ನ ಬಳಿ ಯಾವತ್ತೂ ಇರಲಿಲ್ಲ. ಎರಡನೆಯದೋ ಮೂರನೆಯದೋ ವರ್ಷ ಯಾರದೋ ಗೃಹಪ್ರವೇಶದಲ್ಲಿ, ನಗು ಇನ್ನಷ್ಟು ಬರಲಿ ಎಂದು, ಕತೆಗೆ ನಾನೇ ಸೇರಿಸಿದ್ದು.

ಹಳದೀಪುರ ಬರುವವರೆಗೆ ವಾದಿಸಿದೆ. ತೂತಿನ ಲೆಕ್ಕ ಹೇಳಿದೆ, ಸ್ಕೂಟರಿನ ಬಣ್ಣ ಹೇಳಿದೆ. ಭಾವ ಜಗ್ಗಲಿಲ್ಲ. "ಆತು ಬಿಡಿ ಭಾವ, ಹಳೇ ಮಾತು," ಎಂದು ನನ್ನನ್ನೇ ಕ್ಷಮಿಸಿದರು. ಆಮೇಲೆ ಬಾಯಾರಿಕೆ ಎಂದರು. ಸರೋಜ ನೀರಿನ ಬಾಟ್ಲಿ ಕೊಟ್ಟಳು. ಭಾವ ತಡವರಿಸಿ ಕಿಟಕಿಯ ಗಾಜು ಇಳಿಸಿದರು. ಬಾಟ್ಲಿಯನ್ನು ಕೈಯುದ್ದ ಹೊರಗೆ ಹಿಡಿದು, ಮುಖ ಈ ಕಡೆ ತಿರುಗಿಸಿಕೊಂಡು, ಮೆಲ್ಲಗೆ ಮುಚ್ಚಳ ಬಿಚ್ಚಿದರು.

ಹನ್ನೆರಡು ವರ್ಷವಾದರೂ ಬಿಡದ ಗೋಂದು ನನ್ನ ನಾಲಿಗೆಯಲ್ಲೇ ಇತ್ತಲ್ಲ, ಅದನ್ನು ಹುಡುಕಿಕೊಂಡು ನಾನು ಭಟ್ಕಳಕ್ಕೆ ಹೋಗಬೇಕಿತ್ತೇ?