ಆನೆಯ ಪ್ರಶ್ನೆ ಕೇಳಿದ ಹುಡುಗಿ

ಮಕ್ಕಳ ಗ್ರಾಮಸಭೆಯ ಹಿಂದಿನ ದಿನ ಪಂಚಾಯತಿನಿಂದ ಫೋನು ಬಂತು. “ಟೀಚರೇ, ಕಳೆದ ವರ್ಷ ಆನೆಯ ಪ್ರಶ್ನೆ ಕೇಳಿದ ಹುಡುಗಿ ಉಂಟಲ್ಲ, ಅವಳನ್ನೇ ಕಳಿಸಿ ಮಾರಾಯ್ರೆ. ಅದೇ ಪ್ರಶ್ನೆ ಕೇಳಲಿ. ಚಂದ ಮಾತಾಡ್ತಾಳೆ.”

ನನಗೆ ಮೈಯೆಲ್ಲ ಉರಿಯಿತು. ಅದೇನು ಏಕಪಾತ್ರಾಭಿನಯವೇ, ವರ್ಷವರ್ಷವೂ ಆಡಿಸಲು? ಪುತ್ತೂರಿನಿಂದ ಬಸ್ಸು ಹಿಡಿದು ಈ ಕಾಡಂಚಿನ ಪ್ರೌಢಶಾಲೆಗೆ ಬಂದು ಪೌರನೀತಿ ಕಲಿಸುವವಳು ನಾನು. ಗ್ರಾಮಸಭೆಯಲ್ಲಿ ಕೇಳುವುದು ಹಕ್ಕು, ಉತ್ತರಿಸುವುದು ಪಂಚಾಯತಿನ ಕರ್ತವ್ಯ ಎಂದು ಬೋರ್ಡಿನ ಮೇಲೆ ಬರೆದವಳೂ ನಾನೇ. ಅದನ್ನು ನಂಬಿ ಕಳೆದ ವರ್ಷ ಆ ಎಂಟನೆಯ ತರಗತಿಯ ಹುಡುಗಿ ಎದ್ದು ನಿಂತಿದ್ದಳು. ಅವಳು ಶಾಲೆಗೆ ಬರುವ ದಾರಿಯ ತಿರುವಿನಲ್ಲಿ ಎರಡಾಳೆತ್ತರದ ಪೊದೆ, ಊರವರ ಬಾಯಲ್ಲಿ ಬಲ್ಲೆ. ಅದರಾಚೆ ಆನೆ ನಿಂತಿದ್ದರೆ ಹತ್ತಿರ ಹೋಗುವ ತನಕ ಕಾಣದು. ಒಮ್ಮೆ ತಮ್ಮನ ಕೈ ಹಿಡಿದು ಎದ್ದುಬಿದ್ದು ಓಡಿದ್ದಾಳೆ. ಊರವರೇ ಕಡಿಯೋಣವೆಂದರೆ ಅದು ಅರಣ್ಯದ ಜಾಗ. ಪಂಚಾಯತು ಇಲಾಖೆಗೆ ಹೇಳಿಯೇ ಕಡಿಸಬೇಕು. ಅವಳೇನು ಅರಮನೆ ಕೇಳಲಿಲ್ಲ, ಆ ಪೊದೆ ಕಡಿಸಿ ಎಂದಳು. ಚಪ್ಪಾಳೆ ಬಿತ್ತು. ಉತ್ತಮ ಪ್ರಶ್ನೆಯೆಂದು ಒಂದು ಸ್ಟೀಲ್ ತಟ್ಟೆ ಬಹುಮಾನ ಕೊಟ್ಟರು. ಚಾ ಕುಡಿದು ಪಂಚಾಯತಿನವರೆಲ್ಲ ಜೀಪು ಹತ್ತಿ ಹೋದರು. ಈ ಮಳೆಗಾಲದಲ್ಲಿ ಪೊದೆ ಇನ್ನಷ್ಟು ಬೆಳೆದಿದೆ.

ಈ ವರ್ಷದ ಸಭೆಯಲ್ಲೂ ಅವಳು ಎದ್ದಳು. ಪಂಚಾಯತಿನ ಅಧ್ಯಕ್ಷರು ಮೊದಲೇ ನಗಲು ಸಿದ್ಧರಾಗಿದ್ದರು. ಅವಳು ಪ್ರಶ್ನೆ ಕೇಳಲಿಲ್ಲ. ಚೀಲದಿಂದ ಆ ತಟ್ಟೆ ತೆಗೆದು ಅವರ ಮೇಜಿನ ಮೇಲಿಟ್ಟಳು.

“ಇದು ನಿಮ್ಮತ್ರವೇ ಇರಲಿ ಸರ್. ನಂಗೆ ಆ ಬಲ್ಲೆ ಕಡಿಸಿ ಕೊಡಿ.”

ಮತ್ತೆ ಚಪ್ಪಾಳೆ! ಇದೂ ಕಾರ್ಯಕ್ರಮದ ಭಾಗವೆಂದುಕೊಂಡರು ಪುಣ್ಯಾತ್ಮರು. ನಾನು ನಿರೂಪಕರ ಕೈಯಿಂದ ಮೈಕು ಕಿತ್ತುಕೊಂಡು, “ಚಪ್ಪಾಳೆ ಸಾಕು, ಉತ್ತರ ಕೊಡಿ” ಎಂದೆ. ಮುಖ್ಯೋಪಾಧ್ಯಾಯರು ಕಣ್ಣಲ್ಲೇ ಕೂರಲು ಹೇಳಿದರು. ನಾನು ಕೂರಲಿಲ್ಲ.

ಅಧ್ಯಕ್ಷರು ವಾಚು ನೋಡಿಕೊಂಡರು. “ಎಂತ ಟೀಚರೇ ಇದು, ಮಕ್ಕಳ ಎದುರು ಗಲಾಟೆ? ಮಾಡುವ, ಮಾಡುವ. ಮೊದಲು ಚಾ ಕುಡಿಯುವ, ಮತ್ತೆ ಮಾತಾಡುವ.”

ಹುಡುಗಿ ನಿಂತಲ್ಲಿಂದ ಕದಲಲಿಲ್ಲ.

“ಚಾ ಆದ ಮೇಲೆ ನೀವು ಇರುದಿಲ್ಲ ಸರ್” ಎಂದಳು.

ಆಗ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ.