ತಾತನಿಗೆ ಓದಲು ಆರಿಸಿದ ಶ್ರೀರಂಗಪಟ್ಟಣ

೧೯೫೮ನೇ ಇಸವಿ ಆಗಸ್ಟ್ ೨, ಶನಿವಾರ, ಮಧ್ಯಾಹ್ನ ಮೂರೂ ಕಾಲು. ಬಂಗಾರಪೇಟೆ ರೈಲು ನಿಲ್ದಾಣದ ಎದುರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಆರಿಸಲು ಶುರು ಮಾಡಿದೆ. ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಅಪ್ಪ ತೀರಿಕೊಂಡು ಹದಿನಾರು ದಿನವಾಗಿತ್ತು.

ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತಾತನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವನ ಎದೆ ತಡೆಯುವುದಿಲ್ಲವೆಂದು ಡಾಕ್ಟರು ಅಂದಿದ್ದರು. ಕಣ್ಣಂತೂ ಮೊದಲೇ ಹೋಗಿತ್ತು. ಅಪ್ಪನನ್ನು ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ಒಯ್ದರು. ಬಟ್ಟೆ ಸುತ್ತಿ ಹೊಲಿದಿದ್ದರಿಂದ ನಾನು ಮುಖ ನೋಡಲಿಲ್ಲ. ತಿಥಿ ಬಂಗಾರಪೇಟೆಯಲ್ಲಿ ಸೋದರಮಾವನ ಮನೆಯಲ್ಲಿ ಆಯಿತು. ಅಲ್ಲಿ ಬಳೆ ಒಡೆಸಿಕೊಂಡು ಬಂದ ಅಮ್ಮ, ನಮ್ಮ ಮನೆ ಬಾಗಿಲಲ್ಲಿ ಮಾವನ ಹೆಂಡತಿಯ ಬಳೆಗಳನ್ನು ತೊಟ್ಟು ಒಳಗೆ ಹೋದಳು. ಅಪ್ಪ ರಾಯಚೂರು ಕಡೆಯ ಗಣಿಗೆ ಕೆಲಸದ ಮೇಲೆ ಹೋಗಿದ್ದಾನೆ ಎಂದು ತಾತನಿಗೆ ಹೇಳಿದ್ದಾಯಿತು.

ಸಂಜೆ ತಾತನಿಗೆ ಏನಾದರೂ ಓದಿ ಹೇಳುವುದು ಅಪ್ಪನ ಕೆಲಸವಾಗಿತ್ತು. ಈಗ ನನ್ನದು. ತಾತ ಕೇಳಿದ್ದು ಶ್ರೀರಂಗಪಟ್ಟಣದ ಕೊನೆಯ ಯುದ್ಧ. ಚಿಕ್ಕಂದಿನಲ್ಲಿ ಲಾವಣಿಯವರಿಂದ ಕೇಳಿದ್ದನಂತೆ.

ಅಂಗಡಿಯಲ್ಲಿ ಆ ಯುದ್ಧದ ಪುಸ್ತಕ ಮೂರಿದ್ದವು. ಮೂರರಲ್ಲೂ ಕೊನೆಯ ಅಧ್ಯಾಯವನ್ನೇ ಮೊದಲು ತೆಗೆದೆ. ಒಂದರ ತುಂಬ ಪಲ್ಟನ್ನುಗಳ ಹೆಸರು; ತಾತನಿಗೆ ನಿದ್ದೆ ಬರುತ್ತದೆ. ಇನ್ನೊಂದರಲ್ಲಿ ಕೋಟೆ ಬಿದ್ದ ರಾತ್ರಿ ದೀಪ ಹಿಡಿದು, ಬಾಗಿಲಲ್ಲಿ ರಾಶಿ ಬಿದ್ದ ಹೆಣಗಳನ್ನು ಒಂದೊಂದಾಗಿ ಎಳೆದು ಸುಲ್ತಾನನನ್ನು ಹುಡುಕುವುದು ಎರಡು ಪುಟವಿತ್ತು. ಅದನ್ನು ಮುಚ್ಚಿಟ್ಟೆ. ಮೂರನೆಯದರಲ್ಲಿ ಗೋಡೆ ಒಡೆಯುತ್ತದೆ, ಸುಲ್ತಾನ ಇನ್ನಿಲ್ಲ, ಮುಂದಿನ ಸಾಲಿಗೆ ಹೊಸ ಸರ್ಕಾರದ ಕಂದಾಯ. ಹೆಣದ ಮಾತೇ ಇಲ್ಲ. ಅದನ್ನು ಕೊಂಡೆ. ಪರೀಕ್ಷೆಗಾ ಎಂದು ಅಂಗಡಿಯವನು ಕೇಳಿದ. ಹೌದೆಂದೆ. ದಿನಚರಿಯಲ್ಲಿ ‘ನೋಡಿದ್ದು ಮೂರು, ಬಿಟ್ಟದ್ದು ಎರಡು’ ಎಂದು ಬರೆದುಕೊಂಡೆ. ಅದಕ್ಕಿಂತ ಹೆಚ್ಚು ಏನೂ ಅನ್ನಿಸಿರಲಿಲ್ಲ.

ಪುಸ್ತಕ ಮುಗಿದ ಸಂಜೆ ತಾತ ಕೈ ಚಾಚಿ ನನ್ನ ತಲೆ ಮುಟ್ಟಿದ. ಕೂದಲು ಮೊಳಕೆಯಷ್ಟೇ ಬಂದಿತ್ತು. ತಿರುಪತಿಯಲ್ಲಿ ಮುಡಿ ಕೊಟ್ಟೆ ಎಂದೆ.

"ತಿರುಪತಿಗೆ ಓಗ್ಬಂದೋನು ಲಡ್ಡು ತರ್ನಿಲ್ವೇನ್ಲಾ?"

ಇರುವೆ ಮುತ್ತಿತ್ತು ಎಂದೆ. ತಾತ ನಕ್ಕ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಅವನು ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ನಿಮ್ಮಮ್ಮನ ಬಳೆ ಸದ್ದು ಬ್ಯಾರೆ ಆದ ದಿನಾನೇ ಗೊತ್ತಾಯ್ತು ಕಣ್ಲಾ," ಎಂದ. "ಎಣ ಎಂಗೆ ಸಿಕ್ತು? ಅದೊಂದು ಓದ್ಲೇ ಇಲ್ವಲ್ಲ ನೀನು."

ಸುಲ್ತಾನನದೇ ಎಂದು ಕೇಳಿದೆ.

"ನಮ್ಮೋನ್ದು."

ನನಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರ ಬಂಗಾರಪೇಟೆಗೆ ಹೋಗಿ, ಬಿಟ್ಟು ಬಂದಿದ್ದ ಆ ಇನ್ನೊಂದು ಪುಸ್ತಕವನ್ನು ತಂದು ಎರಡು ಪುಟವನ್ನೂ ಓದಿದೆ. ತಾತ ಪೂರ್ತಿ ಕೇಳಿ, ಇದು ಅವರದಾಯಿತು, ನಮ್ಮದು ಹೇಳು ಎಂದ. ಗಣಿ ಬಾಗಿಲಲ್ಲಿ ನಿಂತು ವಿಚಾರಿಸಿದೆ. ಆ ಪಾಳಿಯವರಲ್ಲಿ ಕೆಲವರು ಊರಿಗೆ ಹೋಗಿದ್ದರು, ಸಿಕ್ಕವರು ಬೇರೆ ಮಾತು ತೆಗೆದರು. ದೀಪಾವಳಿಗೆ ಮುಂಚೆ ತಾತ ಹೋದ. ಅವನಿಗೆ ಹೇಳಲು ಏನೂ ಸಿಕ್ಕಿರಲಿಲ್ಲ.

ಆ ವರ್ಷದ ಜುಲೈ ೧೭ರ ರಾತ್ರಿ ಪಾಳಿಯಲ್ಲಿ ಬಂಡೆ ಸರಿಸಿ ಅಪ್ಪನನ್ನು ಮೇಲೆ ತಂದವರು, ಅಥವಾ ಅವರ ಬಾಯಿಂದ ಕೇಳಿದವರು ಇದನ್ನು ಓದುತ್ತಿದ್ದರೆ, ಅವನು ಹೇಗೆ ಮಲಗಿದ್ದ, ಮುಖ ಯಾವ ಕಡೆಗಿತ್ತು ಎಂಬುದನ್ನು ಈ ಪತ್ರಿಕೆಗೆ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ.